ಬಬಲ್ ಟಿಪ್ ಅನಿಮೋನ್ ನಿಂತಲ್ಲಿ ನಿಲ್ತಿಲ್ಲ, ಕ್ಲೌನ್ ಮೀನುಗಳೂ ಹತ್ತಿರ ಸುಳಿಯುತ್ತಿಲ್ಲ

ಉಪ್ಪುನೀರು:
200 ಲೀಟರ್ ಟ್ಯಾಂಕ್, ಶುರು ಮಾಡಿ ಎರಡೂವರೆ ತಿಂಗಳು. ಒಂದು ಜೊತೆ ಆಸೆಲ್ಲಾರಿಸ್ ಕ್ಲೌನ್ ಮೀನು, ಎರಡೂ ಹ್ಯಾಚರಿಯಲ್ಲಿ ಸಾಕಿದ ಮರಿಗಳು. ಅಮೋನಿಯಾ, ನೈಟ್ರೈಟ್ ಸೊನ್ನೆ. ನೈಟ್ರೇಟ್ 15 ಪಿಪಿಎಂ. ಉಪ್ಪಿನ ಸಾಂದ್ರತೆ ಹೈಡ್ರೋಮೀಟರಿನಲ್ಲಿ 1.023. ಅನಿಮೋನ್ (ಕಲ್ಲಿಗೆ ಅಂಟಿ ಬದುಕುವ, ಹೂವಿನಂತೆ ಕಾಣುವ ಕಡಲ ಪ್ರಾಣಿ) ಕಲ್ಲು ಬಿಟ್ಟು ಗಾಜು ಹತ್ತಿ, ಅಲೆ ಎಬ್ಬಿಸುವ ಪಂಪ್ ಆದ ವೇವ್‌ಮೇಕರ್ ಕಡೆ ಹೊರಟಿದೆ. ಮೀನುಗಳು ಹೀಟರ್ ಪಕ್ಕದಲ್ಲೇ ಮಲಗುತ್ತವೆ. ರಬ್ಬರ್ ಬ್ಯಾಂಡ್ ಹಾಕಿ ಕಲ್ಲಿಗೆ ಕಟ್ಟಬಹುದಾ?

ಅಲೆಗಾರ:
ಕಟ್ಟಲೇಬೇಡಿ. ಪಾದ (ಅಂಟಿಕೊಳ್ಳುವ ಬುಡ) ಹರಿದರೆ ಅಲ್ಲಿಂದಲೇ ಕೊಳೆಯಲು ಶುರು. ಮೊದಲು ವೇವ್‌ಮೇಕರಿಗೆ ದಪ್ಪ ರಂಧ್ರದ ಸ್ಪಂಜ್ ಅಥವಾ ಜಾಲರಿ ಕವಚ ಹಾಕಿ, ಇವತ್ತೇ. ಒಳಗೆ ಸಿಕ್ಕಿಕೊಂಡರೆ ಅನಿಮೋನ್ ಚೂರುಚೂರಾಗಿ, ನೀರು ಕೆಟ್ಟು ಮೀನೂ ಹೋಗುತ್ತವೆ.

ಅದು ಅಲೆಯುವುದು ಜಾಗ ಹಿಡಿಸದೆ. ಬಬಲ್ ಟಿಪ್‌ಗೆ ಪಾದ ತೂರಿಸಲು ಕಲ್ಲಿನಲ್ಲಿ ಆಳವಾದ ಬಿರುಕು ಬೇಕು, ಮೇಲ್ಭಾಗಕ್ಕೆ ಬೆಳಕು ಬೇಕು. ಅಂಥ ಕಲ್ಲನ್ನು ಬೆಳಕಿನ ಕೆಳಗಿಟ್ಟು ಅದರ ಪಾಡಿಗೆ ಬಿಡಿ. ಗಾಜಿನಿಂದ ಉಗುರಲ್ಲಿ ಕೆರೆದು ಕೀಳಬೇಡಿ.

ಇನ್ನು ಉಪ್ಪು. ತೋಳಿನ ಹೈಡ್ರೋಮೀಟರಿನಲ್ಲಿ ಮುಳ್ಳಿಗೆ ಗಾಳಿಗುಳ್ಳೆ ಅಂಟಿದರೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ಅಂದರೆ ನಿಮ್ಮ ನೀರು 1.023ಕ್ಕಿಂತಲೂ ತೆಳು ಇರಬಹುದು. ರಿಫ್ರಾಕ್ಟೋಮೀಟರನ್ನು (ಬೆಳಕು ಬಾಗುವುದರಿಂದ ಉಪ್ಪಿನಂಶ ಅಳೆಯುವ ಉಪಕರಣ) 35 ಪಿಪಿಟಿ (ಸಾವಿರಕ್ಕೆ 35 ಭಾಗ ಉಪ್ಪು) ದ್ರಾವಣದಲ್ಲಿ ಸರಿಮಾಡಿ ಅಳೆಯಿರಿ. ಗುರಿ 1.025ರಿಂದ 1.026. ಆವಿಯಾದಷ್ಟಕ್ಕೆ ಕೆಲವು ದಿನ ಆರ್‌ಒ (ಶುದ್ಧೀಕರಿಸಿದ ಉಪ್ಪಿಲ್ಲದ) ನೀರಿನ ಬದಲು ಉಪ್ಪುನೀರನ್ನೇ ಸುರಿಯಿರಿ, ದಿನಕ್ಕೆ 0.001ಕ್ಕಿಂತ ಹೆಚ್ಚು ಏರಿಸಬೇಡಿ.

ಹವಳದಂಗಡಿ:
ಮೀನಿನ ವಿಷಯಕ್ಕೆ ಗಾಬರಿ ಬೇಡ. ಅಂಡಮಾನಿನಿಂದ ಪೂರ್ವದ ಕಡಲಲ್ಲಿ ಆಸೆಲ್ಲಾರಿಸ್ ಮನೆ ಮಾಡುವುದು ಮ್ಯಾಗ್ನಿಫಿಕಾ, ಜೈಗಾಂಟಿಯಾ, ಮರ್ಟೆನ್ಸೈ ಎಂಬ ಮೂರು ಅನಿಮೋನ್‌ಗಳಲ್ಲಿ. ಬಬಲ್ ಟಿಪ್ ಆ ಪಟ್ಟಿಯಲ್ಲೇ ಇಲ್ಲ. ಹ್ಯಾಚರಿ ಮರಿಗಳಂತೂ ಅನಿಮೋನನ್ನೇ ನೋಡಿರುವುದಿಲ್ಲ. ಒಪ್ಪಿಕೊಳ್ಳಲು ವಾರವೂ ಆಗಬಹುದು, ವರ್ಷವೂ ಆಗಬಹುದು, ಒಪ್ಪದೆಯೂ ಇರಬಹುದು. ಬೇಟೆಗಾರ ಮೀನಿಲ್ಲದ ತೊಟ್ಟಿಯಲ್ಲಿ ಅವಕ್ಕೆ ಅದರ ಅಗತ್ಯವೂ ಇಲ್ಲ. ಬಲೆಯಲ್ಲಿ ಹಿಡಿದು ಅದರ ಮೇಲೆ ಬಿಡುವವರಿದ್ದಾರೆ, ದಯವಿಟ್ಟು ಆ ಕೆಲಸ ಬೇಡ: ಬಲೆಗೆ ತಿಕ್ಕಿ ಮೈಯ ಲೋಳೆ ಹೋದರೆ ಅನಿಮೋನ್ ಕುಟುಕಿನಿಂದ ರಕ್ಷಣೆಯೇ ಹೋಯಿತು. ಊಟ ಹಾಕುವ ಜಾಗವನ್ನು ಅನಿಮೋನ್ ಬಳಿಗೆ ತನ್ನಿ, ಅಷ್ಟು ಸಾಕು.

ಉಪ್ಪುನೀರು:
ಸಂಜೆ ಪೂರ್ತಿ ಮುದುಡಿ, ಬಾಯಿಂದ ಕಂದು ದಾರದಂಥದ್ದು ಹೊರಬಂತು. ಸಾಯ್ತಿದೆಯಾ?

ಅಲೆಗಾರ:
ಅದು ಮಲ. ಕೆಲವು ಗಂಟೆಗಳಲ್ಲಿ ಮತ್ತೆ ಉಬ್ಬಿದರೆ ಸರಿ. ಬಾಯಿ ತೆರೆದೇ ಇದ್ದು, ಪಾದದ ಹಿಡಿತ ತಪ್ಪಿ, ಕೊಳೆತ ವಾಸನೆ ಬಂದರೆ ಮಾತ್ರ ಕೂಡಲೇ ತೆಗೆದುಹಾಕಿ. ಈಗ ವಾರ ಪೂರ್ತಿ ಊಟ ಕೊಡಬೇಡಿ. ನೆಲೆ ನಿಂತ ಮೇಲೆ ಬಟಾಣಿ ಕಾಳಿನಷ್ಟು ಸಿಗಡಿ ಚೂರು, ವಾರಕ್ಕೊಮ್ಮೆ. ಉಗುಳಿದರೆ ಇನ್ನೂ ಚಿಕ್ಕದು ಮಾಡಿ.

ಹವಳದಂಗಡಿ:
ಎರಡೂವರೆ ತಿಂಗಳ ಟ್ಯಾಂಕಿಗೆ ಅನಿಮೋನ್ ತುಂಬಾ ಬೇಗ, ಆರು ತಿಂಗಳಾದರೂ ಆಗಿರಬೇಕಿತ್ತು. ಅಂಗಡಿಯವರು ವಾಪಸ್ ತಗೊಳ್ಳೋದಾದರೆ ಗಟ್ಟಿ ಇರುವಾಗಲೇ ಕೊಟ್ಟುಬಿಡಿ.