ಟ್ಯಾಬ್ ಒತ್ತಿದಾಗ ಸಂದರ್ಭಕ್ಕೆ ತಕ್ಕ ಪದ ಸೂಚಿಸುವುದು: ಅನುಭವ ಹಂಚಿಕೆ

ಕೋರಿಕೆ: ನಮ್ಮ ತಂಡ ಸರ್ವರ್‌ಗಳ ನಿರ್ವಹಣೆಗೆ ಒಂದು ಕಮಾಂಡ್‌ಲೈನ್ ಉಪಕರಣವನ್ನು ಬರೆಯುತ್ತಿದೆ. ಟ್ಯಾಬ್ ಒತ್ತಿದಾಗ, ಅದುವರೆಗೆ ಟೈಪ್ ಮಾಡಿದ್ದನ್ನು ನೋಡಿ, ಅಲ್ಲಿಗೆ ಹೊಂದುವ ಪದಗಳನ್ನಷ್ಟೇ ಅದು ಸೂಚಿಸಬೇಕು. ಈ ಕೆಲಸ ಮಾಡಿದವರು ದಯವಿಟ್ಟು ತಮ್ಮ ಅನುಭವ ತಿಳಿಸಬೇಕು.

ಉತ್ತರ 1: ಇಂಥದೇ ಉಪಕರಣಕ್ಕೆ ನಾನು ಮೊದಲು ಎಲ್ಲವನ್ನೂ ಬ್ಯಾಶ್ (ಟೈಪ್ ಮಾಡಿದ ಕಮಾಂಡ್‌ಗಳನ್ನು ಓದಿ ನಡೆಸುವ ಪ್ರೋಗ್ರಾಮ್, ಅಂದರೆ ಒಂದು ಶೆಲ್) ಸ್ಕ್ರಿಪ್ಟಿನಲ್ಲೇ ಬರೆದಿದ್ದೆ. 2000ರಲ್ಲಿ ಬಂದ 2.04ನೇ ಆವೃತ್ತಿಯಿಂದ ಬ್ಯಾಶ್ ನಾವು ಬರೆದ ಫಂಕ್ಷನ್ನನ್ನು ಕರೆದು, ಸಾಲಿನಲ್ಲಿರುವ ಪದಗಳನ್ನೂ ಕರ್ಸರ್ ಎಷ್ಟನೆಯ ಪದದಲ್ಲಿದೆ ಎಂಬುದನ್ನೂ ಅದಕ್ಕೆ ಒದಗಿಸುತ್ತದೆ. ಸಂದರ್ಭ ಅರಿಯಲು ಇಷ್ಟು ಸಾಕೆಂದು ನಂಬಿದ್ದೆ. ಆದರೆ ಹೊಸ ಉಪಕಮಾಂಡ್ (ಉಪಕರಣದ ಹೆಸರಿನ ನಂತರ ಬರೆಯುವ, ಯಾವ ಕೆಲಸ ಎಂದು ಹೇಳುವ ಪದ) ಸೇರಿದಾಗಲೆಲ್ಲ ಪ್ರೋಗ್ರಾಮನ್ನೂ ಸ್ಕ್ರಿಪ್ಟನ್ನೂ ತಿದ್ದಬೇಕಾಗಿ ಬಂದು, ಆರು ತಿಂಗಳಲ್ಲಿ ಎರಡಕ್ಕೂ ತಾಳೆ ತಪ್ಪಿತು. ಈಗ, ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇಂಥ ಉಪಕರಣ ಬರೆಯಲು ಬಳಸುವ ಕೋಬ್ರಾ ಲೈಬ್ರರಿಯಲ್ಲಿರುವಂತೆ, ಪ್ರೋಗ್ರಾಮಿನೊಳಗೇ ಒಂದು ಗುಪ್ತ ಕಮಾಂಡ್ ಇಟ್ಟಿದ್ದೇನೆ. ಸ್ಕ್ರಿಪ್ಟ್ ಅರ್ಧ ಬರೆದ ಸಾಲನ್ನು ಅದಕ್ಕೆ ದಾಟಿಸಿ, ಅದು ಕೊಟ್ಟ ಪಟ್ಟಿಯನ್ನು ತೋರಿಸುತ್ತದೆ, ಅಷ್ಟೆ. ನೀವು ಮೊದಲ ದಿನದಿಂದಲೇ ಹೀಗೆ ಮಾಡಿ.

ಬ್ಯಾಶ್ ಕೋಲನ್ ಚಿಹ್ನೆಯ ಬಳಿಯೂ ಪದವನ್ನು ಒಡೆಯುತ್ತದೆ ಎಂಬುದು ನನ್ನ ಎರಡು ದಿನಗಳನ್ನು ತಿಂದಿತು. ಬಳಕೆದಾರರು 'ವೆಬ್:ಹೊ' ಎಂದು ಬರೆದು ಟ್ಯಾಬ್ ಒತ್ತಿದಾಗ ನಾವು 'ವೆಬ್:ಹೊಸದು' ಎಂದು ಪೂರ್ತಿ ಹೆಸರು ಕೊಟ್ಟರೆ, ಸಾಲು 'ವೆಬ್:ವೆಬ್:ಹೊಸದು' ಆಗಿಬಿಡುತ್ತದೆ. ಕೋಲನ್‌ವರೆಗಿನ ಭಾಗವನ್ನು ಕತ್ತರಿಸಿಯೇ ಕೊಡಬೇಕು.

ಉತ್ತರ 2: ಮೇಲಿನವರ ಮಾತನ್ನು ಒಪ್ಪುತ್ತೇನೆ, ನಾನು ಹೇಳಬೇಕಾದದ್ದು ವೇಗದ ವಿಚಾರ. ನಮ್ಮಲ್ಲಿ ಪ್ರತಿ ಟ್ಯಾಬ್‌ಗೂ ಯಂತ್ರಗಳ ಹೆಸರನ್ನು ದೂರದ ಸರ್ವರ್‌ನಿಂದ ತರಿಸುತ್ತಿದ್ದೆವು. ಮೂರು ಸೆಕೆಂಡು ಕರ್ಸರ್ ಅಲ್ಲಾಡದೆ ನಿಲ್ಲುತ್ತಿದ್ದುದರಿಂದ ಜನ ಟ್ಯಾಬ್ ಒತ್ತುವುದನ್ನೇ ಬಿಟ್ಟು, ಹಳೆಯ ಕಮಾಂಡ್‌ಗಳನ್ನು ಹುಡುಕಿ ತಿದ್ದಿಕೊಳ್ಳತೊಡಗಿದರು. ಹೆಸರುಗಳನ್ನು ಐದು ನಿಮಿಷದ ಮಟ್ಟಿಗೆ ಒಂದು ಫೈಲಿನಲ್ಲಿ ಉಳಿಸಿಟ್ಟ ಮೇಲೆ ದೂರು ನಿಂತಿತು. ಸರ್ವರ್ ಸಿಗದಿದ್ದಾಗ ಸುಮ್ಮನಿರಬೇಕೇ ಹೊರತು, ಅರ್ಧ ಬರೆದ ಸಾಲಿನ ನಡುವೆ ದೋಷದ ಸಂದೇಶ ಬಂದು ಬೀಳಬಾರದು.

ಅಳಿಸುವ ಕಮಾಂಡ್‌ಗೆ ಮಾತ್ರ ಬೇರೆ ನಿಯಮವೇ ಬೇಕು. ಪಟ್ಟಿಯಲ್ಲಿ ಒಂದೇ ಹೆಸರು ಉಳಿದಿದ್ದರೆ ಶೆಲ್ ಅದನ್ನು ಕೇಳದೆಯೇ ತುಂಬಿಬಿಡುತ್ತದೆ. ನಮ್ಮ ಸಹೋದ್ಯೋಗಿಯೊಬ್ಬರು ಹಾಗೆ ತುಂಬಿದ ಹೆಸರನ್ನು ಓದದೆ ಎಂಟರ್ ಒತ್ತಿ, ಬಳಕೆಯಲ್ಲಿದ್ದ ಯಂತ್ರವನ್ನೇ ಅಳಿಸಿದ್ದರು. ತಪ್ಪು ಅವರದಲ್ಲ, ನಾವು ಮಾಡಿದ ವಿನ್ಯಾಸದ್ದು. ಅಂದಿನಿಂದ ಆ ಕಮಾಂಡ್‌ಗೆ ಕನಿಷ್ಠ ಮೂರು ಅಕ್ಷರ ಟೈಪ್ ಮಾಡುವವರೆಗೆ ಏನನ್ನೂ ಸೂಚಿಸುವುದಿಲ್ಲ, ಉಳಿಸಿಟ್ಟ ಹಳೆಯ ಪಟ್ಟಿಯನ್ನೂ ಅಲ್ಲಿ ಬಳಸುವುದಿಲ್ಲ.