ಅಧಿಕ ರಕ್ತದೊತ್ತಡದ ಇಲಿ ತಳಿಗಳ ದತ್ತಾಂಶ ಎಲ್ಲಿ ಸಿಗುತ್ತದೆ?

ಪ್ರಶ್ನೆ
ನಾನು ಶರೀರಕ್ರಿಯಾಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ತಾನಾಗಿಯೇ ರಕ್ತದೊತ್ತಡ ಏರುವ ಎಸ್‌ಎಚ್‌ಆರ್ ಇಲಿಯನ್ನು, ಉಪ್ಪಿನ ಆಹಾರ ಕೊಟ್ಟಾಗ ಒತ್ತಡ ತೀವ್ರವಾಗಿ ಏರುವ ಡಾಲ್ ತಳಿಯೊಂದಿಗೆ ಹೋಲಿಸಬೇಕೆಂದಿದ್ದೇನೆ. ಒಂದೇ ತಳಿಗೆ ಒಂದೊಂದು ಪ್ರಬಂಧದಲ್ಲಿ ಒಂದೊಂದು ಅಂಕಿ ಕಾಣುತ್ತಿದೆ. ಇವನ್ನೆಲ್ಲ ಒಂದೆಡೆ ಪರಿಶೀಲಿಸಿ ಇಟ್ಟಿರುವ ಜಾಲತಾಣವಿದ್ದರೆ ದಯವಿಟ್ಟು ತಿಳಿಸಿ.

ಉತ್ತರ 1
ಅಮೆರಿಕದ ಮೆಡಿಕಲ್ ಕಾಲೇಜ್ ಆಫ್ ವಿಸ್ಕಾನ್ಸಿನ್‌ನಲ್ಲಿ 1999ರಲ್ಲಿ ಆರಂಭವಾದ ‘ರ‍್ಯಾಟ್ ಜೀನೋಮ್ ಡೇಟಾಬೇಸ್’ನಿಂದ ಶುರುಮಾಡಿ, ಬಳಕೆಗೆ ಶುಲ್ಕವಿಲ್ಲ. ಅದರ ರೋಗವಾರು ಪುಟಗಳಲ್ಲಿ ಜೀನ್‌ಗಳೂ ತಳಿಗಳೂ ಒಟ್ಟಿಗೇ ಸಿಗುತ್ತವೆಯಾದರೂ ನಿಮಗೆ ನಿಜವಾಗಿ ಬೇಕಾದದ್ದು ‘ಫೀನೋಮೈನರ್’ ಎಂಬ ಸಾಧನ. ತಳಿ, ಅಳೆದ ಗುಣ, ಅಳೆದ ವಿಧಾನ, ಪ್ರಯೋಗದ ಸ್ಥಿತಿ ಎಂಬ ನಾಲ್ಕು ದಿಕ್ಕಿನಿಂದ ಅಲ್ಲಿ ಹುಡುಕಬಹುದು. ವಿಧಾನದ ಆಯ್ಕೆಯನ್ನು ಖಾಲಿ ಬಿಡಬೇಡಿ. ಇಲಿಯನ್ನು ಅಲುಗಾಡದಂತೆ ಹಿಡಿದಿಟ್ಟು ಬಾಲಕ್ಕೆ ಪಟ್ಟಿ ಸುತ್ತಿ ಅಳೆದಾಗ ಗಾಬರಿಯಿಂದಲೂ ಒತ್ತಡ ಏರುತ್ತದೆ. ದೇಹದೊಳಗೆ ಸಾಧನವಿರಿಸಿ ಟೆಲಿಮೆಟ್ರಿಯಿಂದ, ಅಂದರೆ ತಂತಿಯಿಲ್ಲದೆ ದೂರದಿಂದಲೇ, ಅಳೆದಾಗ ಅದು ತನ್ನ ಪಾಡಿಗೆ ಓಡಾಡಿಕೊಂಡಿರುತ್ತದೆ. ಈ ಎರಡನ್ನು ಬೆರೆಸಿ ಸರಾಸರಿ ತೆಗೆದರೆ ಅದಕ್ಕೆ ಅರ್ಥವಿರುವುದಿಲ್ಲ. ಡಾಲ್ ತಳಿಗೆ ಆಹಾರದ ಉಪ್ಪಿನ ಪ್ರಮಾಣವನ್ನೂ ಸ್ಥಿತಿಯ ಆಯ್ಕೆಯಲ್ಲಿ ನೋಡಿಕೊಳ್ಳಿ.

ಉತ್ತರ 2
ಮೇಲಿನವರ ಮಾತು ಸರಿ, ಆದರೆ ವಿಧಾನಕ್ಕಿಂತ ಮೊದಲು ತಳಿಯ ಪೂರ್ತಿ ಹೆಸರನ್ನು ನೋಡಬೇಕೆಂಬುದು ನನ್ನ ಅಭಿಪ್ರಾಯ. ಎಸ್‌ಎಚ್‌ಆರ್ ತಳಿಯನ್ನು ಒಕಾಮೊಟೊ ಮತ್ತು ಆವೊಕಿ ಕ್ಯೋಟೊದಲ್ಲಿ ಬೆಳೆಸಿ 1963ರಲ್ಲಿ ವರದಿ ಮಾಡಿದರು. ಅದಕ್ಕೆ ಜೋಡಿಯಾಗಿ ಬಳಸುವ, ಒತ್ತಡ ಏರದ ಡಬ್ಲ್ಯೂಕೆವೈ ಇಲಿಗಳನ್ನು ಒಳಸಂತಾನಾಭಿವೃದ್ಧಿ (ಹತ್ತಿರದ ಸಂಬಂಧಿಗಳನ್ನೇ ತಲೆಮಾರುಗಳ ಕಾಲ ಕೂಡಿಸುವುದು) ಪೂರ್ಣಗೊಳ್ಳುವ ಮೊದಲೇ ಬೇರೆ ಬೇರೆ ಕಡೆಗೆ ಹಂಚಿದ್ದರಿಂದ, ಇಂದು ಒಂದೇ ಹೆಸರಿನಲ್ಲಿ ಮಾರಾಟವಾಗುವ ಇಲಿಗಳು ತಳಿಗುಣದಲ್ಲಿ ಒಂದೇ ಅಲ್ಲ. ಓರೆಗೆರೆಯ ನಂತರದ ಅಕ್ಷರಗಳು ಯಾವ ಸಾಕಣೆಯದೆಂದು ಸೂಚಿಸುತ್ತವೆ. ಡಬ್ಲ್ಯೂಕೆವೈ/ಎನ್‌ಸಿಆರ್‌ಎಲ್ ಮತ್ತು ಡಬ್ಲ್ಯೂಕೆವೈ/ಎನ್‌ಎಚ್‌ಎಸ್‌ಡಿ ಇಲಿಗಳನ್ನು ಒಂದೇ ಗುಂಪಿಗೆ ಸೇರಿಸಿದರೆ ನಿಮ್ಮ ಹೋಲಿಕೆಯ ಬುಡವೇ ಅಲುಗಾಡುತ್ತದೆ. ಪ್ರತಿ ತಳಿಗೂ ಆ ಡೇಟಾಬೇಸ್‌ನಲ್ಲಿ ಪ್ರತ್ಯೇಕ ಗುರುತಿನ ಸಂಖ್ಯೆಯಿದೆ. ಪ್ರಬಂಧದಲ್ಲಿ ಅದನ್ನೇ ಬರೆಯಿರಿ. ಬರಿಯ ‘ಎಸ್‌ಎಚ್‌ಆರ್’ ಎಂದಷ್ಟೇ ಬರೆಯುವ ರೂಢಿ ಇನ್ನೂ ಏಕೆ ಉಳಿದಿದೆಯೋ!

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ಮುಂದೆ ಒತ್ತಡಕ್ಕೆ ಸಂಬಂಧಿಸಿದ ಜೀನ್‌ಗಳ ಸ್ಥಾನವನ್ನೂ ಅಲ್ಲಿಂದಲೇ ಪಡೆಯಬಹುದೇ?

ಉತ್ತರ 3
ಪಡೆಯಬಹುದು, ಆದರೆ ಯಾವ ಜೀನೋಮ್ (ಇಡೀ ಡಿಎನ್‌ಎಯ ನಕ್ಷೆ) ಆವೃತ್ತಿಯ ಸ್ಥಾನವೆಂದು ಬರೆದಿಟ್ಟುಕೊಳ್ಳಿ. 2004ರಲ್ಲಿ ಪ್ರಕಟವಾದ ಇಲಿಯ ಜೀನೋಮ್ ಬ್ರೌನ್ ನಾರ್ವೆ ತಳಿಯದು. ಅದರ ನಂತರ ಆರ್‌ನಾರ್ 6.0, ಎಂರ‍್ಯಾಟ್‌ಬಿಎನ್ 7.2 ಎಂದು ಆವೃತ್ತಿಗಳು ಬದಲಾದಂತೆ ಸ್ಥಾನಸಂಖ್ಯೆಗಳೂ ಬದಲಾಗಿವೆ. ಹಳೆಯ ಪ್ರಬಂಧದ ಸಂಖ್ಯೆಯನ್ನು ಹೊಸ ನಕ್ಷೆಯಲ್ಲಿ ನೇರವಾಗಿ ಹುಡುಕಿದರೆ ಬೇರೆಯೇ ಜೀನ್ ಎದುರಾಗಬಹುದು. ಇಲಿಗಳೇ ಬೇಕಾದಾಗ ಮಿಸೌರಿ ವಿಶ್ವವಿದ್ಯಾಲಯದ ಇಲಿ ಸಂಪನ್ಮೂಲ ಕೇಂದ್ರದ ಪಟ್ಟಿಯನ್ನೂ ನೋಡಿ.