ಗ್ರೀನ್ 32 ಪಾಯಿಂಟ್ ಹೊಡೆದರೂ ವಾರಿಯರ್ಸ್ 93–89ಕ್ಕೆ ಸೋತದ್ದು ಹೇಗೆ? ಬಾಕ್ಸ್ ಸ್ಕೋರ್ (ಪಂದ್ಯದ ಅಂಕಿಅಂಶಗಳ ಪಟ್ಟಿ) ಎಲ್ಲಿಂದ ಓದಬೇಕು?

ಪಿಕ್_ರೋಲ್:
2016ರ ಎನ್‌ಬಿಎ (ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್) ಫೈನಲ್ಸ್‌ನ ಏಳನೇ ಪಂದ್ಯ, ಜೂನ್ 19. ಕ್ಯಾವಲಿಯರ್ಸ್ 93, ವಾರಿಯರ್ಸ್ 89. ವಾರಿಯರ್ಸ್‌ನ ಡ್ರೇಮಂಡ್ ಗ್ರೀನ್ 32 ಪಾಯಿಂಟ್, 15 ರಿಬೌಂಡ್ (ತಪ್ಪಿದ ಶಾಟ್‌ನ ಚೆಂಡು ಹಿಡಿದದ್ದು), 9 ಅಸಿಸ್ಟ್ (ಬ್ಯಾಸ್ಕೆಟ್‌ಗೆ ದಾರಿ ಮಾಡಿದ ಪಾಸ್). 15 ಶಾಟ್‌ಗೆ 11 ಬಿದ್ದಿವೆ, ಅದರಲ್ಲಿ ಥ್ರೀ (ದೂರದ ಗೆರೆಯ ಹೊರಗಿಂದ ಹೊಡೆಯುವ ಮೂರು ಪಾಯಿಂಟ್‌ನ ಶಾಟ್) 8ಕ್ಕೆ 6. ಆ ಕಡೆ ಲೆಬ್ರಾನ್ ಜೇಮ್ಸ್ 27 ಪಾಯಿಂಟ್, 11 ರಿಬೌಂಡ್, 11 ಅಸಿಸ್ಟ್, ಆದರೆ 24ಕ್ಕೆ 9 ಮಾತ್ರ, ಜೊತೆಗೆ 5 ಟರ್ನೋವರ್ (ಚೆಂಡು ಎದುರಾಳಿಗೆ ಕಳೆದುಕೊಂಡದ್ದು). ತಂಡದ ಥ್ರೀ ನೋಡಿದರೆ ವಾರಿಯರ್ಸ್ 15, ಕ್ಯಾವ್ಸ್ 6. ಈ ಅಂಕಿಗಳನ್ನಷ್ಟೇ ಕೈಗಿಟ್ಟರೆ ಯಾರಾದರೂ ವಾರಿಯರ್ಸ್ ಗೆದ್ದಿರಬೇಕು ಅಂತಲೇ ಹೇಳುತ್ತಾರೆ. ಲೆಕ್ಕ ಎಲ್ಲಿ ತಿರುಗಿತು?

ಗ್ಲಾಸ್_ಬೋರ್ಡ್:
ಆಟಗಾರರ ಸಾಲು ಆಮೇಲೆ ನೋಡಿ, ಮೊದಲು ಕೆಳಗಿನ ಒಟ್ಟು ಮೊತ್ತದ ಸಾಲು. ಪಾಯಿಂಟ್ ಬರೋದು ಮೂರೇ ದಾರಿಯಲ್ಲಿ, ಹಾಗಾಗಿ ಮೂರಾಗಿ ಒಡೆಯಿರಿ.

ಕ್ಯಾವ್ಸ್: ಫೀಲ್ಡ್ ಗೋಲ್ (ಆಟದ ನಡುವೆ ಹೊಡೆದ ಶಾಟ್) 82ಕ್ಕೆ 33, ಅದರೊಳಗೆ ಥ್ರೀ 25ಕ್ಕೆ 6, ಫ್ರೀ ಥ್ರೋ (ಫೌಲ್‌ಗೆ ಸಿಗುವ ಒಂದು ಪಾಯಿಂಟ್‌ನ ಶಾಟ್) 25ಕ್ಕೆ 21.
ವಾರಿಯರ್ಸ್: ಫೀಲ್ಡ್ ಗೋಲ್ 83ಕ್ಕೆ 32, ಥ್ರೀ 41ಕ್ಕೆ 15, ಫ್ರೀ ಥ್ರೋ 13ಕ್ಕೆ 10.

ಫೀಲ್ಡ್ ಗೋಲ್ ಕಾಲಂನಲ್ಲಿ ಥ್ರೀ ಕೂಡ ಸೇರಿರುತ್ತೆ. ಅದನ್ನು ಕಳೆದರೆ ಟೂ (ಎರಡು ಪಾಯಿಂಟ್‌ನ ಶಾಟ್) ಎಷ್ಟು ಅಂತ ಸಿಗುತ್ತೆ. ಇದನ್ನು ಮರೆತು ಎರಡನ್ನೂ ಕೂಡಿಸಿಬಿಡೋರು ಬಹಳ ಜನ. ಕಳೆದು ನೋಡಿ: ಕ್ಯಾವ್ಸ್ ಟೂ 57ಕ್ಕೆ 27, ವಾರಿಯರ್ಸ್ 42ಕ್ಕೆ 17.

ಥ್ರೀಯಲ್ಲಿ ವಾರಿಯರ್ಸ್‌ಗೆ 45–18, ಅಂದರೆ 27 ಪಾಯಿಂಟ್ ಮುನ್ನಡೆ. ಟೂನಲ್ಲಿ ಕ್ಯಾವ್ಸ್‌ಗೆ 54–34, ಅಲ್ಲೇ 20 ವಾಪಸ್. ಫ್ರೀ ಥ್ರೋದಲ್ಲಿ 21–10, ಇನ್ನೂ 11. 31ರಲ್ಲಿ 27 ಹೋದರೆ 4. ಪಂದ್ಯದ ಅಂತರವೂ ಅಷ್ಟೇ. ಟರ್ನೋವರ್ 11–10, ಅಲ್ಲಿ ಏನೂ ಇಲ್ಲ. ರಿಬೌಂಡ್ ಮಾತ್ರ ಕ್ಯಾವ್ಸ್‌ಗೆ 48–39.

ಬ್ಯಾಸ್ಕೆಟ್ ಕೆಳಗಿನ ಬಣ್ಣದ ಜಾಗಕ್ಕೆ ನುಗ್ಗಿ ಟೂ ಹೊಡೆಯೋದು, ಫೌಲ್ ಎಳೆಯೋದು: ಎರಡೂ ಒಂದೇ ಆಟದ ಫಲ. ಥ್ರೀ ಶಾಟ್‌ಗೆ ಫೌಲ್ ಸಿಗೋದು ಅಪರೂಪ. 83ರಲ್ಲಿ 41 ಶಾಟ್ ಹೊರಗಿಂದಲೇ ಹೊಡೆಯುವ ತಂಡ ಫ್ರೀ ಥ್ರೋ ಲೈನ್‌ಗೆ ಕಡಿಮೆ ಹೋಗಿದ್ದರೆ ಆಶ್ಚರ್ಯವಿಲ್ಲ.

ನಲವತ್ತೆಂಟು_ನಿಮಿಷ:
ಮೇಲಿನದಕ್ಕೆ ಆಟಗಾರರ ಕಡೆಯಿಂದ ಸೇರಿಸುತ್ತೇನೆ. "24ಕ್ಕೆ 9" ಅನ್ನೋ ಅಂಕಿ ಫ್ರೀ ಥ್ರೋವನ್ನು ಬಿಟ್ಟುಬಿಡುತ್ತೆ. ಟ್ರೂ ಶೂಟಿಂಗ್ (ಫ್ರೀ ಥ್ರೋ ಕೂಡ ಸೇರಿಸಿದ ಶೂಟಿಂಗ್ ಶೇಕಡಾವಾರು) ಲೆಕ್ಕ ಹಾಕಿ: ಫ್ರೀ ಥ್ರೋ ಯತ್ನವನ್ನು 0.44ರಿಂದ ಗುಣಿಸಿ, ಫೀಲ್ಡ್ ಗೋಲ್ ಯತ್ನಕ್ಕೆ ಕೂಡಿಸಿ, ಬಂದದ್ದನ್ನು ಎರಡರಿಂದ ಗುಣಿಸಿ, ಅದರಿಂದ ಪಾಯಿಂಟ್ ಭಾಗಿಸಿ.

ಲೆಬ್ರಾನ್ (ಫ್ರೀ ಥ್ರೋ 10ಕ್ಕೆ 8): 24 + 4.4 = 28.4, ದುಪ್ಪಟ್ಟು 56.8, 27 ÷ 56.8 = 47.5%.
ಕೈರಿ ಅರ್ವಿಂಗ್ (ಕ್ಯಾವ್ಸ್, 26 ಪಾಯಿಂಟ್, 23ಕ್ಕೆ 10, ಫ್ರೀ ಥ್ರೋ 4ಕ್ಕೆ 4): 52.5%.
ಸ್ಟೆಫ್ ಕರಿ (ವಾರಿಯರ್ಸ್, 17 ಪಾಯಿಂಟ್, 19ಕ್ಕೆ 6, ಫ್ರೀ ಥ್ರೋ 1ಕ್ಕೆ 1): 43.7%.
ಕ್ಲೇ ಥಾಂಪ್ಸನ್ (ವಾರಿಯರ್ಸ್, 14 ಪಾಯಿಂಟ್, 17ಕ್ಕೆ 6, ಫ್ರೀ ಥ್ರೋ ಇಲ್ಲ): 41.2%.
ಗ್ರೀನ್: 95.5%. ಇದು ಹುಚ್ಚು ಅಂಕಿ, ಬಿಡಿ.

ಆದರೆ ಗ್ರೀನ್ ಹೊಡೆದದ್ದು 15 ಶಾಟ್. ಕರಿ ಮತ್ತು ಕ್ಲೇ ಸೇರಿ 36 ಶಾಟ್‌ಗೆ 31 ಪಾಯಿಂಟ್. ಇಬ್ಬರ ಥ್ರೀ ಕೂಡಿಸಿ: 24ಕ್ಕೆ 6. ಉಳಿದವರೆಲ್ಲ ಸೇರಿ 17ಕ್ಕೆ 9. ಶೇಕಡಾವಾರು ನೋಡುವಾಗ ಪಕ್ಕದಲ್ಲೇ ಯತ್ನಗಳ ಸಂಖ್ಯೆ ನೋಡದಿದ್ದರೆ ಇದು ಕಣ್ಣಿಗೆ ಬೀಳೋದೇ ಇಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಗ್ರೀನ್ ಸಾಲಿನಲ್ಲಿಲ್ಲ, ಕರಿ ಮತ್ತು ಕ್ಲೇ ಸಾಲುಗಳಲ್ಲಿದೆ.

ಪಿಕ್_ರೋಲ್:
ಇದು ಹಿಡಿಸಿತು. 0.44 ಯಾಕೆ? ಎರಡು ಫ್ರೀ ಥ್ರೋ ಅಂದರೆ ಒಂದು ಪೊಸೆಷನ್ (ಚೆಂಡು ಕೈಯಲ್ಲಿರುವ ಒಂದು ಸರದಿ), ಹಾಗಾದರೆ 0.5 ಇರಬೇಕಲ್ಲ? ಇನ್ನೊಂದು, ಕ್ಯಾವ್ಸ್‌ನ ಕೆವಿನ್ ಲವ್ 9 ಪಾಯಿಂಟ್‌ಗೆ ಪ್ಲಸ್ 19 ಹೇಗೆ?

ನಲವತ್ತೆಂಟು_ನಿಮಿಷ:
ಬ್ಯಾಸ್ಕೆಟ್ ಬಿದ್ದ ಮೇಲೆ ಸಿಗುವ ಒಂದು ಬೋನಸ್ ಶಾಟ್, ಟೆಕ್ನಿಕಲ್ ಫೌಲ್‌ನ ಶಾಟ್: ಇವು ಹೊಸ ಪೊಸೆಷನ್ ಖರ್ಚು ಮಾಡೋದಿಲ್ಲ. ಥ್ರೀ ಹೊಡೆಯುವಾಗ ಫೌಲ್ ಆದರೆ ಮೂರು ಶಾಟ್‌ಗೆ ಒಂದೇ ಪೊಸೆಷನ್. ಇವೆಲ್ಲ ಸೇರಿ ಸರಾಸರಿ 0.5ಕ್ಕಿಂತ ಕೆಳಗಿಳಿಯುತ್ತೆ. ಲೀಗ್ ಮಟ್ಟದ ಅಂದಾಜು ಅದು. ಒಂದೇ ಪಂದ್ಯದಲ್ಲಿ ಚೂರು ಆಚೀಚೆ ಆಗಬಹುದು.

ಗ್ಲಾಸ್_ಬೋರ್ಡ್:
ಲವ್ ಬಗ್ಗೆ: ಪ್ಲಸ್-ಮೈನಸ್ ಅಂದರೆ ಆತ ಅಂಕಣದಲ್ಲಿದ್ದಾಗ ತಂಡದ ಅಂತರ, ಅಷ್ಟೇ. ತಂಡ ಗೆದ್ದದ್ದು 4ರಿಂದ, ಹಾಗಾಗಿ ಅವನು ಬೆಂಚ್‌ನಲ್ಲಿದ್ದಾಗ ಕ್ಯಾವ್ಸ್ ಮೈನಸ್ 15. ಅವನ 14 ರಿಬೌಂಡ್‌ನ ಪಾಲು ಅದರಲ್ಲಿ ಇರಬಹುದು, ಆದರೆ ಅಂಕಣದಲ್ಲಿದ್ದ ಒಂಬತ್ತು ಜನರ ಒಳ್ಳೆಯದು ಕೆಟ್ಟದ್ದೂ ಅದರಲ್ಲೇ ಸೇರಿದೆ. ಒಂದೇ ಪಂದ್ಯದ ಪ್ಲಸ್-ಮೈನಸ್ ಮೇಲೆ ವಾದ ಕಟ್ಟಬೇಡಿ.

ಕೊನೆ_ಗಳಿಗೆ:
ಎಲ್ಲರೂ ಒಟ್ಟು ಮೊತ್ತದಲ್ಲೇ ನಿಂತಿದ್ದೀರಿ. ಬಿಗಿ ಪಂದ್ಯಕ್ಕೆ ಬಾಕ್ಸ್ ಸ್ಕೋರ್ ಸಾಲದು, ಪ್ಲೇ-ಬೈ-ಪ್ಲೇ (ಆಟದ ಒಂದೊಂದು ನಡೆಯ ದಾಖಲೆ) ತೆಗೆಯಿರಿ. 4:39 ಉಳಿದಿದ್ದಾಗ 89–89. ಅಲ್ಲಿಂದ ವಾರಿಯರ್ಸ್ ಸೊನ್ನೆ. ಕ್ಯಾವ್ಸ್ ಕೂಡ ನಾಲ್ಕೇ: 53 ಸೆಕೆಂಡ್ ಇರುವಾಗ ಕೈರಿಯ ಥ್ರೀ, 10.6 ಸೆಕೆಂಡ್ ಇರುವಾಗ ಲೆಬ್ರಾನ್‌ನ ಎರಡು ಫ್ರೀ ಥ್ರೋಗಳಲ್ಲಿ ಒಂದು.

ಆ ಫ್ರೀ ಥ್ರೋ ಬಂದದ್ದು ಡಂಕ್‌ಗೆ ಹಾರಿದಾಗ ಆದ ಫೌಲ್‌ನಿಂದ. ಫೌಲ್ ಆಗಿ ತಪ್ಪಿದ ಶಾಟ್ ಫೀಲ್ಡ್ ಗೋಲ್ ಯತ್ನಕ್ಕೆ ಸೇರೋದಿಲ್ಲ, ಹಾಗಾಗಿ 24ರಲ್ಲಿ ಅದಿಲ್ಲ. ಕೊನೆಯ ನಿಮಿಷಗಳಲ್ಲಿ ವಾರಿಯರ್ಸ್‌ನ ಇಗುಡಾಲಾ ಲೇಅಪ್ (ಬ್ಯಾಸ್ಕೆಟ್ ಹತ್ತಿರದಿಂದ ಹಾಕುವ ಶಾಟ್) ಮೇಲೆ ಲೆಬ್ರಾನ್ ಮಾಡಿದ ಬ್ಲಾಕ್ ತಗೊಳ್ಳಿ: ಕಾಗದದ ಮೇಲೆ ಇಗುಡಾಲಾಗೆ ಒಂದು ಮಿಸ್, ಲೆಬ್ರಾನ್‌ನ 3 ಬ್ಲಾಕ್‌ಗಳಲ್ಲಿ ಒಂದು. ಮೊದಲ ಕ್ವಾರ್ಟರ್‌ನಲ್ಲಿ ಚೆಂಡನ್ನು ಗ್ಯಾಲರಿಗೆ ತಳ್ಳಿ ಎದುರಾಳಿಗೇ ವಾಪಸ್ ಕೊಡುವ ಬ್ಲಾಕ್‌ಗೂ ಇದೇ ಒಂದು ಅಂಕಿ.

ನಲವತ್ತೆಂಟು_ನಿಮಿಷ:
ಒಪ್ಪುತ್ತೇನೆ, ಅರ್ಧ. ಕೊನೆಯ ಐದು ನಿಮಿಷ ಮುಖ್ಯವಾದದ್ದೇ ಅದಕ್ಕೆ ಮುಂಚೆ 43 ನಿಮಿಷ ಸಮ ಆಗಿದ್ದಕ್ಕೆ. ಕರಿ-ಕ್ಲೇ ಆ 24 ಥ್ರೀಗಳಲ್ಲಿ ಇನ್ನೆರಡು ಹಾಕಿದ್ದರೂ ಕೈರಿಯ ಶಾಟ್ ಬರೀ ಅಂತರ ಕಡಿಮೆ ಮಾಡುವ ಶಾಟ್.

ಪಿಕ್_ರೋಲ್:
ಕೊನೆಯದು. ಇದೇ ಲೆಕ್ಕವನ್ನು ಫಿಬಾ (ಅಂತಾರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ) ಪಂದ್ಯಗಳಿಗೆ ಹಾಗೇ ಹಾಕಬಹುದಾ?

ಗ್ಲಾಸ್_ಬೋರ್ಡ್:
ಶೂಟಿಂಗ್ ಲೆಕ್ಕ ಹಾಕಬಹುದು. ಒಟ್ಟು ಅಂಕಿ ಹೋಲಿಸಬೇಡಿ: ಅಲ್ಲಿ 40 ನಿಮಿಷ, ಇಲ್ಲಿ 48. ಅಸಿಸ್ಟ್ ನಿಯಮವೂ ಬೇರೆ. ಪಾಸ್ ತಗೊಂಡವನು ಶಾಟ್ ಹೊಡೆಯುವಾಗ ಫೌಲ್ ಆಗಿ ಒಂದಾದರೂ ಫ್ರೀ ಥ್ರೋ ಹಾಕಿದರೆ ಫಿಬಾ ಅಸಿಸ್ಟ್ ಕೊಡುತ್ತೆ, ಎನ್‌ಬಿಎ ಕೊಡೋದಿಲ್ಲ.